ಆನ್‌ಲೈನ್ ಥೆರಪಿಯಲ್ಲಿ ವೈಟ್‌ಬೋರ್ಡ್, ಆಟ, ಸ್ಲೈಡರ್: ನಿಜಕ್ಕೂ ಉಪಯೋಗಕ್ಕೆ ಬರ್ತಿರೋದು ಯಾವುದು?

ತುಂಗಾತೀರ_ಕೌನ್ಸೆಲರ್:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಕೂತು ಮಕ್ಕಳಿಗೂ ದೊಡ್ಡವರಿಗೂ ವಿಡಿಯೋ ಕಾಲ್‌ನಲ್ಲಿ ಕೌನ್ಸೆಲಿಂಗ್ ಮಾಡುತ್ತೇನೆ. ಕೋವಿಡ್ ಹೊತ್ತಿನಲ್ಲಿ ಬೇರೆ ದಾರಿ ಇಲ್ಲದೆ ಶುರುವಾದ ಈ ಪದ್ಧತಿ ಈಗ ನನ್ನ ಕೆಲಸದ ದೊಡ್ಡ ಪಾಲು. ಇವತ್ತು ಒಂದೇ ವಿಷಯ ಮಾತಾಡೋಣ ಅಂತ ಬರೆಯುತ್ತಿದ್ದೇನೆ. ಸೆಷನ್ ನಡೆಯುವಾಗ ಪರದೆ ಮೇಲೆ ಇಬ್ಬರೂ ಸೇರಿ ಬಳಸುವ ಸಾಧನಗಳು. ಜೊತೆಯಾಗಿ ಬರೆಯುವ ವೈಟ್‌ಬೋರ್ಡ್, ಸೊನ್ನೆಯಿಂದ ನೂರರ ಸ್ಲೈಡರ್, ಭಾವನೆಗಳ ಕಾರ್ಡು, ಪರದೆ ಮೇಲಿನ ಮರಳು ತಟ್ಟೆ, ಉಸಿರಾಟಕ್ಕೆ ಹಿಗ್ಗಿ ಕುಗ್ಗುವ ವೃತ್ತ. ಇವೆಲ್ಲ ಈಗ ಬೇಕಾದಷ್ಟು ಸಿಗುತ್ತವೆ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನೋದೇ ಪ್ರಶ್ನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಪೆನ್ನು ಎದುರಿನವರ ಕೈಯಲ್ಲಿದ್ದರೆ ಮಾತ್ರ ಆ ಸಾಧನಕ್ಕೆ ಬೆಲೆ. ನಾನು ಸ್ಲೈಡ್ ಹಾಕಿ ವಿವರಿಸುತ್ತಾ ಹೋದರೆ, ಎಷ್ಟೇ ಬಣ್ಣ ಇರಲಿ, ಅದು ಪಾಠ. ಥೆರಪಿ ಅಲ್ಲ.

ಒಂದು ಉದಾಹರಣೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ, ಮನೆಯವರ ಒಪ್ಪಿಗೆಯೂ ಇದೆ. ಪ್ರೈಮರಿ ಶಾಲೆಯ ಹುಡುಗ. ಶಾಲೆಗೆ ಹೋಗಲ್ಲ ಅಂತ ಹಟ. ಕಾಲ್‌ಗೆ ಬಂದರೂ ಕ್ಯಾಮೆರಾ ಫ್ಯಾನ್ ಕಡೆ ತಿರುಗಿಸಿ ಇಡುತ್ತಿದ್ದ. ಪ್ರಶ್ನೆ ಕೇಳಿದರೆ "ಹ್ಞೂಂ", "ಗೊತ್ತಿಲ್ಲ", ಅಷ್ಟೇ. ಒಂದು ದಿನ ಪ್ರಶ್ನೆ ಬಿಟ್ಟು ವೈಟ್‌ಬೋರ್ಡ್ ತೆರೆದು ಸುಮ್ನೆ ಒಂದು ಗೆರೆ ಎಳೆದೆ. ಅವನು ಅಳಿಸಿದ. ಇನ್ನೊಂದು ಎಳೆದೆ. ಅದನ್ನೂ ಅಳಿಸಿದ. ಹೀಗೇ ಸುಮಾರು ಹೊತ್ತು ನಡೆಯಿತು, ಆ ಕಡೆಯಿಂದ ನಗು ಕೇಳಿಸಿತು. ಆಮೇಲೆ ಅವನೇ ಒಂದು ಚೌಕ ಬರೆದ. ಅದರ ಸುತ್ತ ಇನ್ನೊಂದು ಚೌಕ. "ಇದು ಸ್ಕೂಲು. ಇದು ಕಾಂಪೌಂಡು." ಗೇಟ್ ಎಲ್ಲಿದೆ ಅಂತ ಕೇಳಿದೆ. "ಗೇಟ್ ಹತ್ರ ಅವ್ರು ನಿಂತಿರ್ತಾರೆ" ಅಂದ. ಅವರು ಯಾರು ಅನ್ನೋದು ಅವತ್ತು ಗೊತ್ತಾಗಲಿಲ್ಲ, ನಾನೂ ಕೇಳಲಿಲ್ಲ. ಆದರೆ ಶಾಲೆ ಅಂದರೆ ಅವನಿಗೆ ಪಾಠದ ಭಯ ಅಲ್ಲ, ಗೇಟಿನ ಭಯ ಅನ್ನೋದು ತಿಳಿಯಿತು.

ಕ್ಲಿನಿಕ್‌ನಲ್ಲಿ ಮೇಜಿನ ಎದುರು ಕೂತಾಗ ಒಬ್ಬ ಹುಡುಗ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ನಾನು ಬರೆದದ್ದನ್ನು ಗೀಚಿ ಹಾಕೋದು ಕಷ್ಟ. ದೊಡ್ಡವರು ಏನಂದುಕೊಳ್ಳುತ್ತಾರೋ ಅಂತ ಹಿಂಜರಿಕೆ ಇರುತ್ತದೆ. ಪರದೆ ಮೇಲೆ ಅಳಿಸೋದು ಅವನ ಹಕ್ಕು. ಅಲ್ಲಿಂದಲೇ ಮಾತು ಶುರುವಾಯಿತು.

ನಿಮ್ಮ ಅನುಭವ ಹೇಳಿ. ಥೆರಪಿಸ್ಟ್‌ಗಳು ಮಾತ್ರ ಅಲ್ಲ, ಥೆರಪಿ ಪಡೆದವರೂ, ಮಕ್ಕಳ ಅಪ್ಪ ಅಮ್ಮಂದಿರೂ ಬರೆಯಿರಿ.

ಸಿಬಿಟಿ_ಬೆಂಗಳೂರು:

ಒಳ್ಳೆಯ ವಿಷಯ ಎತ್ತಿದಿರಿ. ನಾನು ಕ್ಲಿನಿಕಲ್ ಸೈಕಾಲಜಿಸ್ಟ್, ನನ್ನ ಹತ್ತಿರ ಬರುವವರು ಹೆಚ್ಚಾಗಿ ದೊಡ್ಡವರು. ನನಗೆ ಜಾಸ್ತಿ ಉಪಯೋಗ ಆಗಿರೋದು ತುಂಬಾ ಸಾದಾ ಸಾಧನ. ಇಬ್ಬರಿಗೂ ಕಾಣುವ, ಇಬ್ಬರೂ ಬರೆಯಬಹುದಾದ ಒಂದು ಡಾಕ್ಯುಮೆಂಟ್. ಅದರಲ್ಲಿ ಥಾಟ್ ರೆಕಾರ್ಡ್ ಕೋಷ್ಟಕ. ಏನಾಯಿತು, ಆಗ ತಲೆಗೆ ಬಂದ ಯೋಚನೆ ಏನು, ಅದನ್ನು ನೂರಕ್ಕೆ ಎಷ್ಟು ನಂಬುತ್ತೀರಿ, ಅದಕ್ಕೆ ಪುರಾವೆ ಏನು, ಅದರ ವಿರುದ್ಧ ಏನಿದೆ, ಈಗ ನಂಬಿಕೆ ಎಷ್ಟಾಯಿತು. ಆರನ್ ಬೆಕ್ ಶುರು ಮಾಡಿದ ಕಾಗ್ನಿಟಿವ್ ಥೆರಪಿಯಲ್ಲಿ ಇದು ಹಳೆಯ ಕಾಗದ ಪೆನ್ನಿನ ಅಭ್ಯಾಸ. ಹೊಸದೇನೂ ಅಲ್ಲ.

ಪರದೆ ಮೇಲೆ ಬಂದಾಗ ಏನು ಬದಲಾಗುತ್ತದೆ ಅಂದರೆ, ಬರೆಯೋದು ಕಣ್ಣಿಗೆ ಕಾಣುತ್ತದೆ. ಒಬ್ಬರು "ಬಾಸ್ ಮೆಸೇಜ್ ನೋಡಿಯೂ ಉತ್ತರ ಕೊಡಲಿಲ್ಲ, ನನ್ನನ್ನು ತೆಗೆಯುತ್ತಾರೆ" ಅಂತ ಟೈಪ್ ಮಾಡಿ ನಂಬಿಕೆ 90 ಅಂತ ಹಾಕಿದರು. ಪುರಾವೆ ಕಾಲಂಗೆ ಬಂದಾಗ ಬರೆಯುತ್ತಾರೆ, ಅಳಿಸುತ್ತಾರೆ, ಮತ್ತೆ ಬರೆಯುತ್ತಾರೆ. ಕೊನೆಗೆ ಆ ಕಾಲಂ ಖಾಲಿ ಉಳಿಯಿತು. ಪಕ್ಕದ ಕಾಲಂನಲ್ಲಿ "ಹೋದ ತಿಂಗಳು ಹೊಸ ಪ್ರಾಜೆಕ್ಟ್ ನನಗೇ ಕೊಟ್ಟರು" ಅಂತ ಬಂತು. 90 ಅನ್ನು ಅಳಿಸಿ 50 ಮಾಡಿದ್ದು ಅವರೇ. ನಾನು ಒಂದು ಮಾತೂ ಒಪ್ಪಿಸಲಿಲ್ಲ.

ಒಂದು ಎಚ್ಚರಿಕೆ. ಟೈಪ್ ಮಾಡಿ ಅಳಿಸಿದ್ದೂ ನನಗೆ ಕಾಣುತ್ತದೆ ಅಂತ ಮೊದಲೇ ಹೇಳಿಬಿಡಬೇಕು. ಹೇಳದೆ ನೋಡುತ್ತಾ ಕೂರೋದು ಸರಿಯಲ್ಲ. ಕೆಲವು ಡಾಕ್ಯುಮೆಂಟ್‌ಗಳಲ್ಲಿ ಹಿಂದಿನ ಆವೃತ್ತಿಗಳೂ ಉಳಿದುಕೊಳ್ಳುತ್ತವೆ, ಅದನ್ನೂ ತಿಳಿಸಬೇಕು.

ಇನ್ನೊಂದು ವಿಷಯ ಸ್ವಲ್ಪ ಗಂಭೀರ. ಪಿಎಚ್‌ಕ್ಯೂ-9 ಅನ್ನೋ ಖಿನ್ನತೆ ಅಳೆಯುವ ಪ್ರಶ್ನಾವಳಿ ಈಗ ಎಲ್ಲರೂ ಆನ್‌ಲೈನ್ ಫಾರ್ಮ್ ಮಾಡಿ ಕಳಿಸುತ್ತಾರೆ. 2001ರಲ್ಲಿ ಪ್ರಕಟವಾದದ್ದು, ಒಂಬತ್ತು ಪ್ರಶ್ನೆ, ಒಟ್ಟು ಅಂಕ 0ಯಿಂದ 27. ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆ, ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆ ಬಗ್ಗೆ. ಯಾರೋ ರಾತ್ರಿ ಹನ್ನೊಂದಕ್ಕೆ ಒಬ್ಬರೇ ಕೂತು ಅದಕ್ಕೆ "ಹೆಚ್ಚು ಕಡಿಮೆ ದಿನಾ" ಅಂತ ಒತ್ತಿ ಕಳಿಸಿದರೆ, ಅದನ್ನು ನೀವು ನೋಡೋದು ಮರುದಿನ ಬೆಳಿಗ್ಗೆ. ಹಾಗಾಗಿ ನಾನು ಆ ಫಾರ್ಮ್ ಮುಂಚಿತವಾಗಿ ಕಳಿಸೋದೇ ಇಲ್ಲ. ಸೆಷನ್‌ನಲ್ಲೇ ಜೊತೆಗೆ ತೆರೆದು, ಒಂದೊಂದೇ ಪ್ರಶ್ನೆ ಅವರೇ ಒತ್ತುತ್ತಾ ಹೋಗುತ್ತಾರೆ. ಒಂಬತ್ತನೆಯದು ಬಂದಾಗ ನಾನು ಎದುರಿಗೇ ಇರುತ್ತೇನೆ.

ಮಧ್ಯಾಹ್ನದ_ಕಾಲ್:

ನಾನು ಥೆರಪಿ ಪಡೆಯುತ್ತಿರುವವಳು. ಪ್ಯಾನಿಕ್ ಅಟ್ಯಾಕ್‌ಗಾಗಿ ಶುರು ಮಾಡಿದ್ದು. ಈ ಕಡೆಯಿಂದ ನೋಡಿದರೆ ಹೇಗೆ ಕಾಣುತ್ತೆ ಅಂತ ಹೇಳುತ್ತೇನೆ.

ಉಸಿರಾಟದ ವೃತ್ತ ನನಗೆ ಆಗಿಬರಲಿಲ್ಲ. ವೃತ್ತ ಹಿಗ್ಗುವ ವೇಗಕ್ಕೆ ನನ್ನ ಉಸಿರು ಸಿಗದಿದ್ದಾಗ, ಅಯ್ಯೋ ಇದರಲ್ಲೂ ನಾನು ಹಿಂದೆ ಬಿದ್ದೆ ಅನ್ನಿಸಿ ಎದೆ ಬಡಿತ ಇನ್ನೂ ಜಾಸ್ತಿ ಆಯಿತು. ಹೇಳಿದ ಮೇಲೆ ನನ್ನ ಥೆರಪಿಸ್ಟ್ ಅದನ್ನು ತೆಗೆದು, ನಾನೇ ನನ್ನ ಉಸಿರಿಗೆ ತಕ್ಕಂತೆ ಬೆರಳಿನಲ್ಲಿ ಗೆರೆ ಎಳೆಯುವ ಹಾಗೆ ಮಾಡಿದರು. ಒಳಗೆ ಎಳೆದಾಗ ಗೆರೆ ಮೇಲಕ್ಕೆ, ಬಿಟ್ಟಾಗ ಕೆಳಕ್ಕೆ. ಮೊದಮೊದಲು ಮೊನಚು ಮೊನಚು, ಆಮೇಲೆ ನಿಧಾನ ಅಗಲ ಆಗುತ್ತೆ. ನನ್ನ ಉಸಿರು ನನ್ನ ಕಣ್ಣಿಗೇ ಕಾಣುತ್ತಿತ್ತು. ಮೇಲೆ ನೀವು ಹೇಳಿದ ಪೆನ್ನಿನ ಮಾತು ಇದೇ ಅಲ್ವಾ?

ಆದರೆ ನನಗೆ ನಿಜವಾಗಿ ಸಹಾಯ ಮಾಡಿದ್ದು ಚಾಟ್ ಬಾಕ್ಸ್. ನಮ್ಮದು ಕೂಡು ಕುಟುಂಬ. ಬಾಗಿಲು ಹಾಕಿಕೊಂಡರೆ "ಏನಾಯ್ತು" ಅಂತ ಕೇಳುತ್ತಾರೆ. ಅತ್ತೆ ನಿದ್ದೆ ಮಾಡುವ ಹೊತ್ತು ನೋಡಿ ಮಧ್ಯಾಹ್ನ ಸೆಷನ್ ಇಟ್ಟುಕೊಂಡಿದ್ದೇನೆ. ಕೆಲವು ಮಾತು ಬಾಯಲ್ಲಿ ಆಡುವಂತಿಲ್ಲ, ಗೋಡೆಗೆ ಕಿವಿ ಇದೆ. ಥೆರಪಿಸ್ಟ್ ಧ್ವನಿ ಇಯರ್‌ಫೋನ್‌ನಲ್ಲಿ ಕೇಳುತ್ತೇನೆ, ನನ್ನ ಉತ್ತರ ಟೈಪ್ ಮಾಡುತ್ತೇನೆ. ಯಾರಾದರೂ ಒಳಗೆ ಬಂದರೆ ಚಾಟ್‌ನಲ್ಲಿ ಒಂದು ಚುಕ್ಕಿ ಹಾಕೋದು ಅಂತ ಮಾತಾಗಿದೆ. ಚುಕ್ಕಿ ಕಂಡ ತಕ್ಷಣ ಅವರು ಅಡುಗೆ ಕ್ಲಾಸ್ ಥರ ಮಾತು ತಿರುಗಿಸುತ್ತಾರೆ. ದೊಡ್ಡ ಆ್ಯಪ್ ಏನೂ ಬೇಡ. ಒಂದು ಚುಕ್ಕಿ ಸಾಕು ನನ್ನ ಸೆಷನ್ ಉಳಿಸೋದಕ್ಕೆ.

ಮತ್ತೊಂದು: ನನ್ನ ಮುಖ ನನಗೇ ಕಾಣುತ್ತಿದ್ದರೆ ಅಳು ಬಂದಾಗ ತಡೆದುಕೊಳ್ಳುತ್ತಿದ್ದೆ. ಸೆಲ್ಫ್ ವ್ಯೂ ಮುಚ್ಚಿದ ಮೇಲೆ ಅಳೋದಕ್ಕೆ ಆಯಿತು.

ಸಿಬಿಟಿ_ಬೆಂಗಳೂರು:

ಸೆಲ್ಫ್ ವ್ಯೂ ಬಗ್ಗೆ ಸರಿಯಾಗಿ ಹೇಳಿದಿರಿ. ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೇಲೆನ್ಸನ್ 2021ರಲ್ಲಿ ವಿಡಿಯೋ ಕಾಲ್ ದಣಿವಿಗೆ ನಾಲ್ಕು ಕಾರಣ ಹೇಳಿದ್ದರು. ತೀರಾ ಹತ್ತಿರದಿಂದ ದಿಟ್ಟಿಸುವ ಕಣ್ಣು, ತನ್ನ ಮುಖ ತನಗೇ ಕಾಣೋದು, ಕೂತಲ್ಲೇ ಕೂರಬೇಕಾದದ್ದು, ಸನ್ನೆಗಳನ್ನು ಅರ್ಥ ಮಾಡಿಕೊಳ್ಳಲು ಜಾಸ್ತಿ ಕಷ್ಟಪಡಬೇಕಾದದ್ದು. ಈ ಕಾರಣಕ್ಕೂ ವೈಟ್‌ಬೋರ್ಡ್ ಒಳ್ಳೆಯದು. ಇಬ್ಬರ ಕಣ್ಣೂ ಮೂರನೇ ಜಾಗಕ್ಕೆ ಹೋಗುತ್ತದೆ. ಮುಖ ನೋಡಿಕೊಂಡು ಹೇಳಲಾಗದ್ದನ್ನು ಚಿತ್ರ ನೋಡಿಕೊಂಡು ಹೇಳಬಹುದು.

ದಾವಣಗೆರೆ_ಅಪ್ಪ:

ನನಗೆ ಒಂದು ಅನುಮಾನ, ತಪ್ಪು ತಿಳಿಯಬೇಡಿ. ನನ್ನ ಮಗನಿಗೆ ಹನ್ನೆರಡು ವರ್ಷ. ಆನ್‌ಲೈನ್ ಕೌನ್ಸೆಲಿಂಗ್ ನಡೆಯುತ್ತಿದೆ. ಮೊನ್ನೆ ಬಾಗಿಲ ಸಂದಿಯಿಂದ ನೋಡಿದರೆ ಇಬ್ಬರೂ ಆಟ ಆಡುತ್ತಿದ್ದರು! ಪರದೆ ಮೇಲೆ ಗೊಂಬೆ, ಮರ, ಗೋಡೆ ಎಲ್ಲ ಇಟ್ಟು ಜೋಡಿಸುತ್ತಿದ್ದ. ಮೊಬೈಲ್ ಬಿಡಿಸಬೇಕು ಅಂತಲೇ ನಾವು ಹೋದದ್ದು. ಆಟ ಆಡಿಸೋದಕ್ಕೆ ದುಡ್ಡು ಕೊಡಬೇಕಾ ಅಂತ ಮನೆಯಲ್ಲಿ ಪ್ರಶ್ನೆ ಬಂದಿದೆ.

ತುಂಗಾತೀರ_ಕೌನ್ಸೆಲರ್:

ತಪ್ಪು ತಿಳಿಯೋದೇನಿದೆ, ಕೇಳಲೇಬೇಕಾದ ಪ್ರಶ್ನೆ. ನೀವು ನೋಡಿದ್ದು ಬಹುಶಃ ಡಿಜಿಟಲ್ ಮರಳು ತಟ್ಟೆ. ಅದರ ಹಿಂದೆ ದೊಡ್ಡ ಕತೆ ಇದೆ. 1920ರ ದಶಕದ ಕೊನೆಯಲ್ಲಿ ಲಂಡನ್ನಿನ ಮಕ್ಕಳ ವೈದ್ಯೆ ಮಾರ್ಗರೆಟ್ ಲೋವೆನ್‌ಫೆಲ್ಡ್ ತಮ್ಮ ಕ್ಲಿನಿಕ್‌ನಲ್ಲಿ ಮರಳು ತುಂಬಿದ ತಟ್ಟೆ ಮತ್ತು ಪುಟ್ಟ ಪುಟ್ಟ ಆಟಿಕೆಗಳ ಪೆಟ್ಟಿಗೆ ಇಟ್ಟಿದ್ದರು. ಮಕ್ಕಳು ಅದರಲ್ಲಿ ತಮ್ಮದೇ ಲೋಕ ಕಟ್ಟುತ್ತಿದ್ದರು. ಮಾತಿನಲ್ಲಿ ಹೇಳಲು ಬಾರದ್ದನ್ನು ಮಗು ಜೋಡಿಸಿ ತೋರಿಸುತ್ತದೆ. ಆಮೇಲೆ ಸ್ವಿಟ್ಜರ್ಲೆಂಡಿನ ಡೋರಾ ಕಾಲ್ಫ್ ಅದನ್ನು ಬೇರೆ ದಾರಿಯಲ್ಲಿ ಬೆಳೆಸಿದರು. ಈಗ ಅದೇ ತಟ್ಟೆ ಪರದೆಗೆ ಬಂದಿದೆ.

ನಿಜ ಹೇಳಬೇಕೆಂದರೆ ಎರಡೂ ಒಂದೇ ಅಲ್ಲ. ಬೆರಳ ಸಂದಿಯಲ್ಲಿ ಮರಳು ಜಾರುವ ಅನುಭವ ಪರದೆಯಲ್ಲಿ ಸಿಗಲ್ಲ. ಮೈ ಬಿಗಿದುಕೊಂಡಿರುವ ಮಗುವಿಗೆ ಆ ಸ್ಪರ್ಶವೇ ಅರ್ಧ ಔಷಧಿ. ಹಾಗಾಗಿ ಮನೆಯಲ್ಲಿ ಸಾಧ್ಯವಿದ್ದರೆ ಒಂದು ದೊಡ್ಡ ತಟ್ಟೆಗೆ ರಾಗಿ ಹಾಕಿ, ನಾಲ್ಕು ಆಟಿಕೆ ಇಟ್ಟು, ಕ್ಯಾಮೆರಾ ಅದರ ಕಡೆ ತಿರುಗಿಸಿ ಅಂತ ನಾನು ಹೇಳುತ್ತೇನೆ. ಪರದೆಯ ತಟ್ಟೆಗಿಂತ ರಾಗಿ ತಟ್ಟೆ ಎಷ್ಟೋ ಮೇಲು.

ಆಟವೇ ಚಿಕಿತ್ಸೆ ಆಗಬಹುದಾ ಅಂದರೆ, ಆಗಬಹುದು, ಆಟ ಹೇಗೆ ಕಟ್ಟಿದ್ದಾರೆ ಅನ್ನೋದರ ಮೇಲೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದವರು ಸ್ಪಾರ್ಕ್ಸ್ ಅಂತ ಒಂದು ಕಂಪ್ಯೂಟರ್ ಆಟ ಮಾಡಿದರು. ಹದಿಹರೆಯದವರ ಖಿನ್ನತೆಗೆ. ಆಟಗಾರ ಒಂದು ಪಾತ್ರ ಆರಿಸಿಕೊಂಡು, ಕತ್ತಲು ಕವಿದ ಯೋಚನೆಗಳನ್ನು ಎದುರಿಸುತ್ತಾ ಏಳು ಹಂತ ದಾಟುತ್ತಾನೆ. 187 ಮಕ್ಕಳ ಮೇಲೆ ನಡೆಸಿದ ಅದರ ಪರೀಕ್ಷೆ 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಮಾಮೂಲಿ ಚಿಕಿತ್ಸೆಗಿಂತ ಕಡಿಮೆಯೇನಿಲ್ಲ ಅನ್ನೋದು ಫಲಿತಾಂಶ. ಆದರೆ ಅದು ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆ ಬದಲಿಸುವ ಥೆರಪಿ, ತಿಳಿದವರು ಹಂತ ಹಂತವಾಗಿ ಕಟ್ಟಿದ ಆಟ. ಅಂಗಡಿಯಲ್ಲಿ ಸಿಗುವ ಆಟಕ್ಕೂ ಅದಕ್ಕೂ ಹೋಲಿಕೆ ಬೇಡ.

ಇನ್ನು ಮೊಬೈಲ್ ಚಟದ ವಿಷಯ. ನಿಮ್ಮ ಮಗನ ಮುಖ್ಯ ತೊಂದರೆ ಅದೇ ಆಗಿದ್ದರೆ, ಪರದೆ ಮೇಲೆ ಆಟ ಯಾಕೆ ಅಂತ ಥೆರಪಿಸ್ಟ್ ಹತ್ತಿರ ನೇರವಾಗಿ ಕೇಳಿ. ಅವರ ಹತ್ತಿರ ಉತ್ತರ ಇರಬೇಕು. ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಅಂತ ಇದೆ, ತಂತ್ರಜ್ಞಾನದ ಅತಿ ಬಳಕೆಗೇ ಮೀಸಲು. ಬೇಕಾದರೆ ಅಲ್ಲಿಯೂ ವಿಚಾರಿಸಬಹುದು.

ಮೈಸೂರು_ಕೋಡ್:

ನಾನು ಸಾಫ್ಟ್‌ವೇರ್ ಕೆಲಸದವನು. ಸೆಷನ್ ಮುಗಿದ ಮೇಲೆ ಆ ಬೋರ್ಡ್ ಎಲ್ಲಿಗೆ ಹೋಗುತ್ತದೆ ಅನ್ನೋದನ್ನು ಯಾರೂ ಕೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕ್ಲಿನಿಕ್‌ನಲ್ಲಿ ಮಗು ಬರೆದ ಚಿತ್ರ ಫೈಲ್‌ನಲ್ಲಿ ಇರುತ್ತದೆ, ಫೈಲ್ ಬೀರುವಿನಲ್ಲಿ. ಆನ್‌ಲೈನ್ ವೈಟ್‌ಬೋರ್ಡ್ ಹಲವು ಕಡೆ ತಾನಾಗೇ ಸೇವ್ ಆಗುತ್ತದೆ, ಯಾರದೋ ಸರ್ವರ್‌ನಲ್ಲಿ. ಲಿಂಕ್ ಇದ್ದವರೆಲ್ಲ ತೆರೆಯಬಹುದು ಅಂತ ಸೆಟ್ಟಿಂಗ್ ಇದ್ದರೆ ಆ ಲಿಂಕ್ ಯಾರಿಗೆ ಸಿಕ್ಕರೂ ಮುಗಿಯಿತು. ಮೀಟಿಂಗ್‌ನ ಮಾತೆಲ್ಲ ಬರೆದುಕೊಳ್ಳುವ ಎಐ ಸಹಾಯಕ ಈಗ ಕೇಳದೇ ಬಂದು ಕೂರುತ್ತದೆ. ಥೆರಪಿ ಕಾಲ್‌ನಲ್ಲಿ ಅದು ಇರಲೇಬಾರದು.

ಇದು ಸುಮ್ನೆ ಹೆದರಿಸೋದಲ್ಲ. ಫಿನ್‌ಲೆಂಡಿನ ವಾಸ್ತಾಮೊ ಅನ್ನೋ ಸೈಕೋಥೆರಪಿ ಸಂಸ್ಥೆಯ ದಾಖಲೆ ಕದ್ದವರು 2020ರಲ್ಲಿ ಸಂಸ್ಥೆಯನ್ನಷ್ಟೇ ಅಲ್ಲ, ಒಬ್ಬೊಬ್ಬ ರೋಗಿಗೂ ನೇರವಾಗಿ ಇಮೇಲ್ ಮಾಡಿ ದುಡ್ಡು ಕೇಳಿದರು. ಕೊಡದಿದ್ದರೆ ನೀವು ಥೆರಪಿಸ್ಟ್‌ಗೆ ಹೇಳಿದ್ದನ್ನು ಹೊರಗೆ ಹಾಕುತ್ತೇವೆ ಅಂತ ಬೆದರಿಕೆ. ಸಾವಿರಾರು ಜನ. ಅಮೆರಿಕದಲ್ಲಿ ಬೆಟರ್‌ಹೆಲ್ಪ್ ಮೇಲೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಕ್ರಮ ತೆಗೆದುಕೊಂಡಿತು. ಬಳಕೆದಾರರ ಇಮೇಲ್ ವಿಳಾಸ, ಆರೋಗ್ಯದ ಪ್ರಶ್ನೆಗಳಿಗೆ ಕೊಟ್ಟ ಮಾಹಿತಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್‌ನಂಥ ಕಂಪನಿಗಳಿಗೆ ಜಾಹೀರಾತಿಗಾಗಿ ಹೋಗಿತ್ತು ಅನ್ನೋದು ಆರೋಪ. 78 ಲಕ್ಷ ಡಾಲರ್ ಕೊಡುವ ಒಪ್ಪಂದದಲ್ಲಿ ಅದು ಮುಗಿಯಿತು.

ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೌಪ್ಯತೆಯ ಹಕ್ಕು ಕೊಡುತ್ತದೆ. 24ನೇ ಸೆಕ್ಷನ್ ಇನ್ನೂ ಸ್ಪಷ್ಟ. ಡಿಜಿಟಲ್ ರೂಪದಲ್ಲಿ ಇಟ್ಟ ಮಾಹಿತಿಗೂ ಆ ಹಕ್ಕು ಇದೆ ಅಂತ ಬರೆದಿದೆ. 2023ರ ಡಿಜಿಟಲ್ ಡೇಟಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳು, ಅವರ ಮಾಹಿತಿ ಬಳಸಲು ಸಾಮಾನ್ಯವಾಗಿ ಪೋಷಕರ ಒಪ್ಪಿಗೆ ಬೇಕು ಅಂತ ಇದೆ. ಅಂದರೆ ವೈಟ್‌ಬೋರ್ಡಿನ ಗೆರೆಯೂ ರೋಗಿಯ ದಾಖಲೆಯೇ. ಥೆರಪಿಸ್ಟ್ ಹಾಗೆಯೇ ನೋಡಿಕೊಳ್ಳಬೇಕು.

ಇನ್ನೊಂದು ಮಾತು. ಬಿಟ್ಟಿ ಸಾಧನ ಇವತ್ತು ಇರುತ್ತೆ, ನಾಳೆ ಇರಲ್ಲ. ಗೂಗಲ್‌ನ ಜಾಮ್‌ಬೋರ್ಡ್ 2024ರ ಕೊನೆಗೆ ಮುಚ್ಚಿತು. ಅದರಲ್ಲಿ ಬೋರ್ಡ್ ಇಟ್ಟುಕೊಂಡಿದ್ದವರು ಗಡುವಿನ ಒಳಗೆ ಬೇರೆ ಕಡೆ ಸಾಗಿಸಬೇಕಾಯಿತು. ಮುಖ್ಯವಾದ ಬೋರ್ಡ್ ಆದರೆ ಪಿಡಿಎಫ್ ಮಾಡಿ ಪಾಸ್‌ವರ್ಡ್ ಹಾಕಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ, ಆನ್‌ಲೈನ್‌ನಲ್ಲಿ ಇರೋದನ್ನು ಅಳಿಸಿ.

ಜೋಯಿಡಾ_ಮೇಷ್ಟ್ರು:

ಎಲ್ಲ ಓದಿದೆ. ನಮ್ಮ ಕಡೆಯ ಕತೆ ಬೇರೆ. ಉತ್ತರ ಕನ್ನಡದ ಕಾಡಿನ ಊರು. ಸಿಗ್ನಲ್ ಬೇಕಂದರೆ ಗುಡ್ಡದ ಮೇಲೆ ಹೋಗಬೇಕು. ಲ್ಯಾಪ್‌ಟಾಪ್ ಇರುವ ಮನೆ ಬೆರಳೆಣಿಕೆ. ಮೊಬೈಲ್ ಒಂದೇ, ಅದು ಅಪ್ಪನ ಹತ್ತಿರ. ಅಪ್ಪ ತೋಟದಲ್ಲಿ. ಇಂಥಲ್ಲಿ ಬಣ್ಣದ ಬೋರ್ಡು, ಎಳೆದು ಇಡುವ ಗೊಂಬೆ ಯಾರಿಗೆ?

ನಮ್ಮ ಶಾಲೆಯ ಒಬ್ಬಳು ಹುಡುಗಿಗೆ ದೂರದ ಕೌನ್ಸೆಲರ್ ಒಬ್ಬರು ಸಹಾಯ ಮಾಡುತ್ತಿದ್ದಾರೆ. ಅವರು ಮಾಡಿದ ಉಪಾಯ ನನಗೆ ತುಂಬಾ ಹಿಡಿಸಿತು. ಮೊದಲೇ ವಾಟ್ಸ್ಆ್ಯಪ್‌ನಲ್ಲಿ ಒಂದು ಹಾಳೆ ಕಳಿಸುತ್ತಾರೆ. ನಾನು ಶಾಲೆಯಲ್ಲಿ ಪ್ರಿಂಟ್ ತೆಗೆದು ಕೊಡುತ್ತೇನೆ. ಅದೇ ಹಾಳೆ ಅವರ ಹತ್ತಿರವೂ ಇರುತ್ತದೆ. ಕಾಲ್ ಮಾಡಿದಾಗ ವಿಡಿಯೋ ಬಂದರೆ ಬಂತು, ಇಲ್ಲದಿದ್ದರೆ ಮಾತು ಮಾತ್ರ. "ಮೂರನೇ ಚೌಕಕ್ಕೆ ಬಾ. ಅಲ್ಲಿ ನಿನಗೆ ಬೇಕಾದ ಬಣ್ಣ ಹಾಕು. ನಾನೂ ನನ್ನದರಲ್ಲಿ ಹಾಕುತ್ತೇನೆ. ಆಮೇಲೆ ಯಾವ ಬಣ್ಣ ಅಂತ ಇಬ್ಬರೂ ಹೇಳೋಣ." ಮಧ್ಯೆ ಕಾಲ್ ಕಟ್ ಆದರೂ ಹುಡುಗಿ ಬಣ್ಣ ಹಾಕೋದು ನಿಲ್ಲಿಸಲ್ಲ. ಮತ್ತೆ ಸಿಗ್ನಲ್ ಬಂದಾಗ ಅಲ್ಲಿಂದಲೇ ಮುಂದುವರಿಯುತ್ತಾರೆ.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಿಮ್ಹಾನ್ಸ್‌ನವರೇ ಮಾಡಿದ್ದು. ಬೇರೆ ಬೇರೆ ತೊಂದರೆಗಳಲ್ಲಿ ನೂರಕ್ಕೆ 70ರಿಂದ 92 ಜನಕ್ಕೆ ಚಿಕಿತ್ಸೆ ಸಿಗುತ್ತಿಲ್ಲ ಅಂತ ಅದರಲ್ಲಿ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಯ ಮೊದಲ ಪ್ರಯೋಗ ನಡೆದದ್ದೇ ನಮ್ಮ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆಯೂ ಇದೆ. ಇಷ್ಟಿದ್ದರೂ ಎಲ್ಲರಿಗೂ ತಲುಪುತ್ತಿಲ್ಲ. ಹಾಗಾಗಿ ಸಾಧನ ಮಾಡುವವರು ದಯವಿಟ್ಟು ಎರಡು ಕಡ್ಡಿ ಸಿಗ್ನಲ್‌ನಲ್ಲಿ, ಹಳೆಯ ಫೋನ್‌ನಲ್ಲಿ, ಕನ್ನಡದಲ್ಲಿ ನಡೆಯುವಂಥದ್ದು ಮಾಡಿ. ಈಗ ಇರುವ ಕೆಲವು ಬೋರ್ಡ್‌ಗಳಲ್ಲಿ ಕನ್ನಡ ಟೈಪ್ ಮಾಡಿದರೆ ಒತ್ತಕ್ಷರ ಒಡೆದು ಬರುತ್ತದೆ. ನೋವು ಹೇಳಿಕೊಳ್ಳಲು ಕೂತ ಮಗು ತನ್ನ ಹೆಸರನ್ನೇ ಸರಿಯಾಗಿ ನೋಡಲು ಆಗದಿದ್ದರೆ ಹೇಗೆ?

ತುಂಗಾತೀರ_ಕೌನ್ಸೆಲರ್:

ಮೇಷ್ಟ್ರೇ, ಇದನ್ನು ಓದಿ ಖುಷಿಯಾಯಿತು. ಜೋಡಿ ಹಾಳೆ ಉಪಾಯ ನಾಳೆಯಿಂದಲೇ ನಾನೂ ಬಳಸುತ್ತೇನೆ. ಒತ್ತಕ್ಷರದ ತೊಂದರೆಗೆ ಸದ್ಯದ ದಾರಿ ಅಂದರೆ ಟೈಪ್ ಬಿಟ್ಟು ಬೆರಳಲ್ಲೇ ಬರೆಸೋದು. ಮಕ್ಕಳಿಗೆ ಅದೇ ಇಷ್ಟ.

ಫೋನ್ ಮಾತ್ರ ಇರುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ ಅಂತ ಇಲ್ಲಿ ಒಮ್ಮೆ ಬರೆದಿಡುತ್ತೇನೆ. ನಂಬರ್ 14416. 2022ರ ಅಕ್ಟೋಬರ್ 10ರಂದು ಶುರುವಾಯಿತು, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತದೆ, ದುಡ್ಡು ಬೇಡ, ಕನ್ನಡದಲ್ಲಿ ಮಾತಾಡಬಹುದು.

ಹುಬ್ಬಳ್ಳಿ_ಎಂಎಸ್ಸಿ:

ಸೈಕಾಲಜಿ ವಿದ್ಯಾರ್ಥಿ ನಾನು. ಎರಡು ಪ್ರಶ್ನೆ. ಇಎಂಡಿಆರ್‌ಗೆ (ಕಣ್ಣು ಆಡಿಸುತ್ತಾ ಆಘಾತದ ನೆನಪಿಗೆ ಕೊಡುವ ಚಿಕಿತ್ಸೆ) ಪರದೆಯಲ್ಲಿ ಎಡಕ್ಕೂ ಬಲಕ್ಕೂ ಓಡಾಡುವ ಚೆಂಡಿನ ವೆಬ್‌ಸೈಟ್‌ಗಳಿವೆ. ಗೆಳೆಯನೊಬ್ಬ ತಾನೇ ಮನೆಯಲ್ಲಿ ಮಾಡಿಕೊಳ್ಳುತ್ತೇನೆ ಅನ್ನುತ್ತಿದ್ದಾನೆ. ಸರಿನಾ? ಹಾಗೇ ಸೆಷನ್‌ಗಳ ಮಧ್ಯೆ ಚಾಟ್‌ಬಾಟ್ ಬಳಸಬಹುದಾ?

ಸಿಬಿಟಿ_ಬೆಂಗಳೂರು:

ಮೊದಲನೆಯದಕ್ಕೆ ಖಡಾಖಂಡಿತವಾಗಿ ಬೇಡ ಅಂತ ಹೇಳಿ. ಫ್ರಾನ್ಸಿನ್ ಶಪೀರೋ 1980ರ ದಶಕದ ಕೊನೆಯಲ್ಲಿ ರೂಪಿಸಿದ ಇಎಂಡಿಆರ್‌ನಲ್ಲಿ ಕಣ್ಣಿನ ಚಲನೆ ಒಂದು ಭಾಗ ಮಾತ್ರ. ಒಟ್ಟು ಎಂಟು ಹಂತ. ನೆನಪನ್ನು ಮುಟ್ಟುವ ಮುಂಚೆ ಆ ವ್ಯಕ್ತಿ ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳಲು ಕಲಿಯುವ ಹಂತ ಇದೆ. ಅದನ್ನು ಬಿಟ್ಟು ಚೆಂಡು ನೋಡುತ್ತಾ ಅಪಘಾತವನ್ನೋ, ದೌರ್ಜನ್ಯವನ್ನೋ ನೆನೆಸಿಕೊಂಡರೆ, ಅದು ಎದ್ದು ಬಂದಾಗ ಹಿಡಿಯಲು ಯಾರೂ ಇರಲ್ಲ. ತರಬೇತಿ ಪಡೆದವರು ಆನ್‌ಲೈನ್‌ನಲ್ಲೂ ಮಾಡುತ್ತಾರೆ. ಹಾಗೆ ಮಾಡುವಾಗ ಮನೆಯಲ್ಲಿ ಇನ್ನೊಬ್ಬರು ಇದ್ದಾರಾ, ಕಾಲ್ ಕಟ್ ಆದರೆ ಏನು ಮಾಡಬೇಕು, ಎಲ್ಲ ಮೊದಲೇ ಗೊತ್ತು ಮಾಡಿಕೊಳ್ಳುತ್ತಾರೆ. ಚೆಂಡು ಓಡಿಸೋದು ಕಷ್ಟವೇನಲ್ಲ, ಅದನ್ನು ಯಾವಾಗ ನಿಲ್ಲಿಸಬೇಕು ಅಂತ ತಿಳಿಯೋದು ಕಷ್ಟ.

ಚಾಟ್‌ಬಾಟ್ ಬಗ್ಗೆ: ದಿನದ ಮನಸ್ಥಿತಿ ಗುರುತು ಮಾಡಿಕೊಳ್ಳಲು, ಹೋಮ್‌ವರ್ಕ್ ನೆನಪಿಸಲು ಪರವಾಗಿಲ್ಲ. ಬೆಂಗಳೂರಿನಲ್ಲೇ ಹುಟ್ಟಿದ ವೈಸಾದಂಥವು ಇವೆ. ಆದರೆ ಥೆರಪಿಸ್ಟ್‌ಗೆ ಹೇಳಿ ಬಳಸಿ. ನಾನು ಒಂದು ದಾರಿ ತೋರಿಸಿ, ಬಾಟ್ ಇನ್ನೊಂದು ತೋರಿಸಿದರೆ ಮಧ್ಯೆ ಸಿಕ್ಕಿಹಾಕಿಕೊಳ್ಳೋದು ನೀವು. ಜೀವದ ಪ್ರಶ್ನೆ ಬಂದಾಗ ಮನುಷ್ಯರಿಗೇ ಫೋನ್ ಮಾಡಬೇಕು.

ನ್ಯೂಜೆರ್ಸಿ_ಅಮ್ಮ:

ನಾವು ಇಲ್ಲಿಗೆ ಬಂದು ಕೆಲವು ವರ್ಷ ಆಯಿತು. ಜೊತೆಗಿರುವ ನಮ್ಮ ಅಮ್ಮನಿಗೆ ಅಪ್ಪ ಹೋದ ಮೇಲೆ ತುಂಬಾ ಒಂಟಿತನ. ಇಂಗ್ಲಿಷ್‌ನಲ್ಲಿ ಮನಸ್ಸು ಬಿಚ್ಚೋದು ಅವರಿಂದ ಆಗಲ್ಲ. ಊರಿನ ಕನ್ನಡ ಕೌನ್ಸೆಲರ್ ಹತ್ತಿರ ಮಾತಾಡಿಸಬಹುದಾ? ಅವರಿಗೆ ಕಂಪ್ಯೂಟರ್ ಬರಲ್ಲ, ಈ ಬೋರ್ಡ್ ಎಲ್ಲ ಆಗುತ್ತಾ?

ತುಂಗಾತೀರ_ಕೌನ್ಸೆಲರ್:

ಎರಡು ಬೇರೆ ಬೇರೆ ಪ್ರಶ್ನೆ ಇವೆ ಇಲ್ಲಿ. ಅಮೆರಿಕದಲ್ಲಿ ಥೆರಪಿ ಲೈಸೆನ್ಸ್ ರಾಜ್ಯದ ಲೆಕ್ಕದಲ್ಲಿ ಇರುತ್ತದೆ. ಸಾಮಾನ್ಯವಾಗಿ ಥೆರಪಿ ಪಡೆಯುವವರು ಎಲ್ಲಿ ಕೂತಿದ್ದಾರೋ ಆ ಜಾಗದ ನಿಯಮ ಮುಖ್ಯ. ಹಾಗಾಗಿ ಮೊದಲು ನಿಮ್ಮ ರಾಜ್ಯದಲ್ಲಿ ಲೈಸೆನ್ಸ್ ಇರುವ, ಕನ್ನಡ ಬಲ್ಲವರು ಸಿಗುತ್ತಾರಾ ಹುಡುಕಿ. ಇಲ್ಲಿನವರ ಹತ್ತಿರ ಹೋದರೆ, ತಮಗೆ ಅಲ್ಲಿಯವರಿಗೆ ಸೇವೆ ಕೊಡಲು ಅನುಮತಿ ಇದೆಯಾ ಅಂತ ಅವರೇ ಪರಿಶೀಲಿಸಿ ಹೇಳಬೇಕು. ತುರ್ತು ಬಂದರೆ ಶಿವಮೊಗ್ಗದಲ್ಲಿರುವ ನಾನು ನ್ಯೂಜೆರ್ಸಿಗೆ ಆಂಬ್ಯುಲೆನ್ಸ್ ಕಳಿಸಲು ಆಗಲ್ಲ. ಅಲ್ಲಿನ ತುರ್ತು ನಂಬರ್ 911, ಮಾನಸಿಕ ಸಂಕಟದ ಸಹಾಯವಾಣಿ 988, ಎರಡನ್ನೂ ಅಮ್ಮನ ಹತ್ತಿರ ಬರೆದಿಡಿ, ನಿಮ್ಮ ಹತ್ತಿರವೂ ಇರಲಿ.

ಸಾಧನದ ವಿಷಯಕ್ಕೆ ಬಂದರೆ, ಹಿರಿಯರಿಗೆ ಬೋರ್ಡ್ ಬೇಡ. ಫೋಟೋ ಸಾಕು. ಹಳೆಯ ಆಲ್ಬಂನಿಂದ ಅವರೇ ಆರಿಸಿದ ಫೋಟೋಗಳನ್ನು ನೀವು ಸ್ಕ್ಯಾನ್ ಮಾಡಿ ಕೊಡಿ. ಸೆಷನ್‌ನಲ್ಲಿ ಅದನ್ನು ಪರದೆಗೆ ತಂದು, ಮುಂದಿನದಕ್ಕೆ ಹೋಗುವ ಗುಂಡಿ ಮಾತ್ರ ಅವರ ಕೈಗೆ ಕೊಡಬೇಕು. ಒಂದೇ ಫೋಟೋದಲ್ಲಿ ಇಡೀ ಗಂಟೆ ನಿಂತರೂ ಪರವಾಗಿಲ್ಲ. ದುಃಖದಲ್ಲಿರುವವರನ್ನು ನಾವು ಮುಂದೆ ತಳ್ಳುವಂತಿಲ್ಲ, ಅದಕ್ಕೇ ಗುಂಡಿ ಅವರ ಹತ್ತಿರ ಇರಬೇಕು ಅನ್ನೋದು. ನೀವು ಅವರಿಗೆ ಕಾಲ್ ಹಚ್ಚಿಕೊಟ್ಟು ಕೋಣೆಯಿಂದ ಹೊರಗೆ ಹೋಗಿ. ಮಗಳ ಎದುರು ಕೆಲವು ಮಾತು ಬರಲ್ಲ.

ಮಧ್ಯಾಹ್ನದ_ಕಾಲ್:

ಹೊರಗೆ ಹೋಗಿ ಅಂದಿರಲ್ಲ, ಅದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು.

ದಾವಣಗೆರೆ_ಅಪ್ಪ:

ಥೆರಪಿಸ್ಟ್ ಹತ್ತಿರ ಕೇಳಿದೆ. ಬೇಜಾರು ಮಾಡಿಕೊಳ್ಳದೆ ವಿವರಿಸಿದರು. ಪರದೆಯ ಗೊಂಬೆ ಜೋಡಿಸುವ ಹೊತ್ತಿಗೆ ಒಂದು ಮಿತಿ ಇಟ್ಟಿದ್ದಾರಂತೆ, ಉಳಿದದ್ದು ಮಾತು. ಮುಂದಿನ ಸಲದಿಂದ ರಾಗಿ ತಟ್ಟೆ ಪ್ರಯತ್ನ ಮಾಡೋಣ ಅಂದರು. ಈಗ ಇನ್ನೊಂದು ಪ್ರಶ್ನೆ. ಅವನು ಜೋಡಿಸಿದ್ದರ ಚಿತ್ರ ಸೇವ್ ಆಗಿರುತ್ತದಲ್ಲ, ಅದನ್ನು ನಾನು ನೋಡಬಹುದಾ? ದುಡ್ಡು ಕೊಡುವವನು ನಾನು, ಅವನಿನ್ನೂ ಚಿಕ್ಕವನು.

ತುಂಗಾತೀರ_ಕೌನ್ಸೆಲರ್:

ಮಗನನ್ನೇ ಕೇಳಿ. ಅಪ್ಪ ನೋಡುತ್ತಾರೆ ಅಂತ ಗೊತ್ತಾದರೆ ಮುಂದಿನ ಸಲ ಅವನು ಅಪ್ಪನಿಗೆ ತೋರಿಸುವಂಥದ್ದನ್ನೇ ಜೋಡಿಸುತ್ತಾನೆ. ಅಲ್ಲಿಗೆ ಆ ತಟ್ಟೆ ಕೆಲಸಕ್ಕೆ ಬಾರದ ಹಾಗೆ ಆಗುತ್ತದೆ. ಅವನ ಜೀವಕ್ಕೆ ಅಪಾಯ ಇದ್ದರೆ ಥೆರಪಿಸ್ಟ್ ನಿಮಗೆ ಹೇಳಿಯೇ ಹೇಳುತ್ತಾರೆ, ಹಾಗಂತ ಶುರುವಿನಲ್ಲೇ ಮೂವರೂ ಕೂತು ಮಾತಾಡಿಕೊಂಡಿರಬೇಕು. ಆ ಮಾತು ಆಗಿಲ್ಲದಿದ್ದರೆ ಈಗ ಆಗಲಿ.

ದಾವಣಗೆರೆ_ಅಪ್ಪ:

ಕೇಳಿದೆ. ಒಂದನ್ನು ತೋರಿಸುತ್ತಾನಂತೆ, ಉಳಿದದ್ದು ಬೇಡವಂತೆ. ಆಯ್ತು ಅಂದೆ. ಇನ್ನು ಸೆಷನ್ ಹೊತ್ತಿಗೆ ನಾನು ಅಂಗಡಿಯಲ್ಲೇ ಇರುತ್ತೇನೆ. ತಟ್ಟೆ ಕಾಣುವ ಹಾಗೆ ಫೋನ್ ಹೇಗೆ ಇಡೋದು, ಅದನ್ನೊಂದು ಹೇಳಿಬಿಡಿ.

ಜೋಯಿಡಾ_ಮೇಷ್ಟ್ರು:

ಎರಡು ಸ್ಟೂಲ್ ಇಟ್ಟು ಮೇಲೆ ಉದ್ದದ ಸ್ಕೇಲ್ ಅಡ್ಡ ಇಡಿ. ಫೋನನ್ನು ಸ್ಕೇಲಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ಕ್ಯಾಮೆರಾ ಕೆಳಮುಖ. ತಟ್ಟೆ ಮಧ್ಯೆ ನೆಲದ ಮೇಲೆ ಇರಲಿ. ಕಿಟಕಿ ಬೆಳಕು ಪಕ್ಕದಿಂದ ಬಂದರೆ ಫೋನಿನ ನೆರಳು ತಟ್ಟೆ ಮೇಲೆ ಬೀಳಲ್ಲ. ಒಂದು ಕೈ ಬೇಕಾದರೆ ಕಟ್ಟೋದಕ್ಕೆ ಮಗನನ್ನೇ ಕರೆಯಿರಿ.